ಹೆದರುವ ಮನುಷ್ಯನನ್ನು ಮೊದಲು ಕಟ್ಟಿ: ಹಾರರ್ ಪಾತ್ರಗಳಿಗಾಗಿ ಸಂಶೋಧನೆ ಮಾಡುವ ಸಮಗ್ರ ಮಾರ್ಗದರ್ಶಿ

ಹಾರರ್ ಬರೆಯಲು ಕೂತವರು ಸಾಮಾನ್ಯವಾಗಿ ಸಂಶೋಧನೆ ಶುರುಮಾಡುವುದು ದೆವ್ವದಿಂದ. ಯಾವ ಪ್ರೇತದ ಲಕ್ಷಣ ಏನು, ಯಾವ ಶಾಪ ಎಲ್ಲಿಂದ ಬಂತು, ಯಾವ ಮನೆಯಲ್ಲಿ ಯಾರು ಸತ್ತರು ಎಂದು ಬರೆದು ಬರೆದು ಟಿಪ್ಪಣಿ ಪುಸ್ತಕ ತುಂಬುತ್ತದೆ. ಅದನ್ನು ನೋಡಿ ಹೆದರಬೇಕಾದ ಮನುಷ್ಯನ ಬಗ್ಗೆ ಮಾತ್ರ ಹೆಸರು, ವಯಸ್ಸು, 'ಹಿಂದೆ ಒಂದು ದುರಂತ ನಡೆದಿತ್ತು' ಎಂಬ ಒಂದು ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಓದುಗರು ದೆವ್ವವನ್ನು ನೇರವಾಗಿ ನಂಬುವುದಿಲ್ಲ, ಅದನ್ನು ಕಂಡವರನ್ನು ನಂಬುತ್ತಾರೆ. ಒಬ್ಬ ವ್ಯಕ್ತಿಗೆ ದಿನನಿತ್ಯದ ಮಾಮೂಲು ಯಾವುದು ಎಂದು ನಮಗೆ ಗೊತ್ತಾದಾಗಲೇ ಆ ಮಾಮೂಲು ಎಲ್ಲಿ ಮುರಿಯಿತು ಎಂಬುದು ಕಾಣುತ್ತದೆ. ಹಾಗಾಗಿ ಸಂಶೋಧನೆಯ ಮೊದಲ ಗುರಿ ಪಾತ್ರದ ಮಾಮೂಲನ್ನು ಕಂಡುಹಿಡಿಯುವುದು. ಭೂತಪ್ರೇತದ ಓದು ಆಮೇಲೆ ಬಂದರೂ ನಡೆಯುತ್ತದೆ.

ವಿಧಾನ ಸ್ಪಷ್ಟವಾಗಲಿ ಎಂದು ಉದ್ದಕ್ಕೂ ಒಂದೇ ಪಾತ್ರವನ್ನು ಕಟ್ಟುತ್ತಾ ಹೋಗೋಣ. ಆಕೆಯ ಹೆಸರು ವಸುಧಾ. ಈ ಹಂತದಲ್ಲಿ ನಮಗೆ ಗೊತ್ತಿರುವುದು ಹೆಸರೊಂದೇ.

ಹಂತ 1: ಪಾತ್ರಕ್ಕೆ ಕೈತುಂಬ ಕೆಲಸ ಕೊಡಿ

'ಒಂಟಿ ಹೆಣ್ಣು', 'ಕುತೂಹಲದ ಪತ್ರಕರ್ತ', 'ಕುಡುಕ ಪೊಲೀಸ್' ಇವು ಪಾತ್ರದ ಲೇಬಲ್‌ಗಳು. ಇವುಗಳ ಬಗ್ಗೆ ಸಂಶೋಧನೆ ಮಾಡಲು ಏನೂ ಇಲ್ಲ. ಕೆಲಸದ ಬಗ್ಗೆ ಮಾಡಬಹುದು. ಕೆಲಸ ಎಂದ ಕೂಡಲೇ ವೇಳೆ ಬರುತ್ತದೆ, ಉಪಕರಣ ಬರುತ್ತದೆ, ಮೇಲಧಿಕಾರಿ ಬರುತ್ತಾನೆ, ಕೈಗೆ ಒಂದು ರೂಢಿ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೇರೆಯವರಿಗೆ ಕಾಣದ ಯಾವುದೋ ಒಂದನ್ನು ಗಮನಿಸುವ ಕಣ್ಣು ಬರುತ್ತದೆ.

ವಸುಧಾ ಒಂದು ನಿದ್ರಾ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿಯ ಟೆಕ್ನೀಷಿಯನ್ ಎಂದಿಟ್ಟುಕೊಳ್ಳಿ. ನಿದ್ದೆಯ ತೊಂದರೆ ಇರುವವರು ಸಂಜೆ ಬರುತ್ತಾರೆ. ಅವರ ತಲೆಗೆ ಅಳತೆ ಹಿಡಿದು, ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸುವುದು ಅವಳ ಕೆಲಸ. ಕಣ್ಣಿನ ಪಕ್ಕ, ಗದ್ದ ಮತ್ತು ಕಾಲುಗಳ ಮೇಲೆ ಸೆನ್ಸರ್, ಎದೆ ಮತ್ತು ಹೊಟ್ಟೆಗೆ ಉಸಿರಾಟ ಅಳೆಯುವ ಪಟ್ಟಿ, ಬೆರಳಿಗೆ ಆಮ್ಲಜನಕ ತೋರಿಸುವ ಕ್ಲಿಪ್. ಆಮೇಲೆ ಅವಳು ಪಕ್ಕದ ಕೋಣೆಯಲ್ಲಿ ಕೂತು ಬೆಳಗಿನವರೆಗೆ ಪರದೆಯ ಮೇಲಿನ ಗೆರೆಗಳನ್ನೂ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಮಲಗಿದವರನ್ನೂ ನೋಡುತ್ತಾಳೆ. ಅಪರಿಚಿತರು ಮಲಗಿರುವುದನ್ನು ರಾತ್ರಿಯಿಡೀ ನೋಡುವುದೇ ಅವಳ ಉದ್ಯೋಗ. ಇಷ್ಟು ಹೇಳುವಷ್ಟರಲ್ಲಿ ಒಂದೂ ದೆವ್ವ ಬಂದಿಲ್ಲ, ಆದರೆ ಕಥೆಗೆ ಜಾಗ ಸಿಕ್ಕಿದೆ.

ಹಂತ 2: ಓದುವ ಮೊದಲು ಪ್ರಶ್ನೆಗಳನ್ನು ಬರೆದುಕೊಳ್ಳಿ

ಪ್ರಶ್ನೆ ಇಲ್ಲದೆ ಓದಿದರೆ ಮಾಹಿತಿ ರಾಶಿ ಬೀಳುತ್ತದೆ, ಪಾತ್ರ ಹುಟ್ಟುವುದಿಲ್ಲ. ನಾನು ಪ್ರತಿ ಪಾತ್ರಕ್ಕೂ ಕೇಳಿಕೊಳ್ಳುವ ಪ್ರಶ್ನೆಗಳು ಇವು:

- ಈ ಕೆಲಸದಲ್ಲಿ ಹೊಸಬರು ಯಾವುದಕ್ಕೆ ಬೆಚ್ಚುತ್ತಾರೆ, ಹಳಬರು ಅದನ್ನೇ ಕಂಡು ಯಾಕೆ ತಲೆಯೆತ್ತಿಯೂ ನೋಡುವುದಿಲ್ಲ?
- ಹಳಬರನ್ನೂ ಎದ್ದು ನಿಲ್ಲಿಸುವುದು ಯಾವುದು?
- ಏನಾದರೂ ಕೆಟ್ಟರೆ ಇವರು ಮೊದಲು ಅನುಮಾನಿಸುವುದು ಯಾವುದನ್ನು?
- ನಡುವೆ ಎದ್ದುಹೋಗಲು ಆಗದಂತೆ ಇವರನ್ನು ಕಟ್ಟಿಹಾಕಿರುವುದು ಏನು?
- ಕಂಡದ್ದನ್ನು ಹೇಳಿಕೊಂಡರೆ ಇವರು ಏನನ್ನು ಕಳೆದುಕೊಳ್ಳುತ್ತಾರೆ?

ನಾಲ್ಕನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. 'ಇಷ್ಟೆಲ್ಲ ಆದರೂ ಆ ಮನೆ ಬಿಟ್ಟು ಯಾಕೆ ಹೋಗುವುದಿಲ್ಲ?' ಎಂದು ಓದುಗ ಕೇಳಿದ ಕ್ಷಣ ಕಥೆ ಕೈಬಿಟ್ಟಿತೆಂದೇ ಲೆಕ್ಕ. ಬೀಗ ಹಾಕಿಕೊಂಡ ಬಾಗಿಲು, ಸಿಗ್ನಲ್ ಇಲ್ಲದ ಫೋನು ಇದಕ್ಕೆ ಉತ್ತರವಲ್ಲ. ಕೆಲಸದ ಒಳಗೇ ಉತ್ತರ ಇರುತ್ತದೆ. ವಸುಧಾಳ ಕಾವಲಿನಲ್ಲಿ ಇಬ್ಬರು ಮಲಗಿದ್ದಾರೆ, ಅವರಲ್ಲೊಬ್ಬರಿಗೆ ನಿದ್ದೆಯಲ್ಲಿ ಪದೇ ಪದೇ ಉಸಿರು ನಿಲ್ಲುತ್ತದೆ. ಅವಳು ಎದ್ದು ಹೋಗುವಂತಿಲ್ಲ. ಹೋದರೆ ಅವಳು ಬೇರೆಯೇ ಮನುಷ್ಯಳಾಗುತ್ತಾಳೆ.

ಹಂತ 3: ಸರಿಯಾದ ಜಾಗದಲ್ಲಿ ಹುಡುಕಿ

ವಿಶ್ವಕೋಶದ ಲೇಖನ ಒಂದು ಕೆಲಸವನ್ನು ಹೊರಗಿನಿಂದ ವಿವರಿಸುತ್ತದೆ. ನಮಗೆ ಬೇಕಾದದ್ದು ಒಳಗಿನ ನೋಟ. ಅದು ಹೆಚ್ಚಾಗಿ ಸಿಗುವುದು ತರಬೇತಿ ಕೈಪಿಡಿಗಳಲ್ಲಿ, ಅಪಘಾತ ತನಿಖಾ ವರದಿಗಳಲ್ಲಿ, ದಿನಚರಿ ಮತ್ತು ಪತ್ರಗಳಲ್ಲಿ, ನಿವೃತ್ತರ ನೆನಪುಗಳಲ್ಲಿ. ಕೈಪಿಡಿಯಲ್ಲಿ 'ಹೀಗೆ ಮಾಡಬಾರದು' ಎಂದಿರುವ ಪ್ರತಿ ಸಾಲಿನ ಹಿಂದೆ ಯಾರೋ ಹಾಗೆ ಮಾಡಿದ ಒಂದು ರಾತ್ರಿ ಇರುತ್ತದೆ. ಅಂಥ ಸಾಲುಗಳ ಕೆಳಗೆ ಗೆರೆ ಎಳೆಯುತ್ತಾ ಹೋಗಿ.

ನಿದ್ರಾ ಪ್ರಯೋಗಾಲಯದ ಕೈಪಿಡಿಯನ್ನೇ ತೆಗೆದುಕೊಳ್ಳಿ. ದೀಪ ಆರಿಸುವ ಮುನ್ನ ಟೆಕ್ನೀಷಿಯನ್ ಇಂಟರ್‌ಕಾಮ್‌ನಲ್ಲಿ ಮಲಗಿದವರಿಗೆ ಒಂದೊಂದಾಗಿ ಸೂಚನೆ ಕೊಡಬೇಕು: ಕಣ್ಣು ತೆರೆದು ನೇರ ನೋಡಿ. ಈಗ ಮುಚ್ಚಿ. ತಲೆ ಅಲುಗಿಸದೆ ಕಣ್ಣು ಮಾತ್ರ ಎಡಕ್ಕೆ, ಬಲಕ್ಕೆ. ಕಣ್ಣು ಮಿಟುಕಿಸಿ. ಹಲ್ಲು ಕಚ್ಚಿ. ಉಸಿರು ಹಿಡಿಯಿರಿ. ಪಾದ ಅಲುಗಿಸಿ. ಪ್ರತಿ ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳುವ ವಿಧಾನ ಇದು. ಇದನ್ನು ಮೊದಲ ಸಲ ಓದಿದಾಗ ನನ್ನ ಮೈ ಜುಮ್ಮೆಂದಿತು. ಕತ್ತಲ ಕೋಣೆಯಲ್ಲಿ ಕಾಣದ ದನಿಯೊಂದು ಆಜ್ಞೆ ಕೊಡುತ್ತದೆ, ಮಲಗಿದ ದೇಹ ಪಾಲಿಸುತ್ತದೆ. ಇಂಥದ್ದನ್ನು ಕಲ್ಪನೆಯಿಂದ ತರುವುದು ಕಷ್ಟ.

ಆ ಕೆಲಸ ಮಾಡುವವರನ್ನು ಮಾತನಾಡಿಸುವ ಅವಕಾಶ ಸಿಕ್ಕರೆ 'ಏನಾದರೂ ವಿಚಿತ್ರ ಅನುಭವ ಆಗಿದೆಯೇ?' ಎಂದು ಕೇಳಬೇಡಿ. ಆ ಪ್ರಶ್ನೆಗೆ ಹತ್ತು ಸಲ ಹೇಳಿ ಸವೆದ ಕಥೆಯೇ ಬರುತ್ತದೆ. 'ನಿನ್ನೆಯ ಪಾಳಿಯನ್ನು ಮೊದಲಿಂದ ಕೊನೆತನಕ ಹೇಳಿ' ಎನ್ನಿ. ನಡುವೆ ಅವರು 'ಅದೇನು ಬಿಡಿ, ದಿನಾ ಆಗುತ್ತೆ' ಎಂದು ಹಾರಿಸುವ ಜಾಗದಲ್ಲಿ ಮೆಲ್ಲಗೆ ತಡೆಯಿರಿ. ನಿಮಗೆ ಬೇಕಾದ ಮಾಮೂಲು ಅಲ್ಲಿದೆ. ಅವರ ಹೆಸರನ್ನಾಗಲಿ ಅವರು ನೋಡಿಕೊಂಡ ರೋಗಿಗಳ ಗುರುತನ್ನಾಗಲಿ ಕಥೆಗೆ ತರಬೇಡಿ. ಬಳಸಬಹುದೇ ಎಂದು ಕೇಳಿಯೇ ಬಳಸಿ.

ಹಂತ 4: ಭಯ ದೇಹದಲ್ಲಿ ಹೇಗೆ ನಡೆಯುತ್ತದೆ ಎಂದು ತಿಳಿಯಿರಿ

'ಅವಳ ಎದೆ ಝಲ್ಲೆಂದಿತು, ಕಿಟಾರನೆ ಕಿರುಚಿದಳು.' ಎಲ್ಲ ಪಾತ್ರಗಳೂ ಹೀಗೇ ಹೆದರಿದರೆ ಅವರೆಲ್ಲ ಒಬ್ಬರೇ ಆಗಿಬಿಡುತ್ತಾರೆ. ಅಪಾಯದ ಎದುರು ದೇಹ ಹೋರಾಟಕ್ಕೋ ಓಟಕ್ಕೋ ಸಜ್ಜಾಗುತ್ತದೆ ಎಂದು ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ್ದ. ಅದರ ಜೊತೆಗೆ ಮರಗಟ್ಟಿ ನಿಲ್ಲುವುದೂ ಇದೆ. ಆಗ ಹೃದಯದ ಬಡಿತ ಏರುವ ಬದಲು ಇಳಿಯಬಹುದು. ಬಾಯಿ ಒಣಗುತ್ತದೆ, ಬೆರಳಿನ ನಾಜೂಕು ಕೆಲಸ ಕೆಡುತ್ತದೆ, ಗಮನ ಒಂದೇ ವಸ್ತುವಿಗೆ ಅಂಟಿಕೊಳ್ಳುತ್ತದೆ. ಎದುರಿಗೆ ಆಯುಧ ಹಿಡಿದವನಿದ್ದರೆ ಸಾಕ್ಷಿಗೆ ಆಯುಧ ನೆನಪಿರುತ್ತದೆ, ಮುಖ ನೆನಪಿರುವುದಿಲ್ಲ. ನಿಮ್ಮ ಪಾತ್ರ ಭೂತದ ಇಡೀ ರೂಪವನ್ನು ತಲೆಯಿಂದ ಕಾಲಿನವರೆಗೆ ವರ್ಣಿಸುತ್ತಿದ್ದರೆ ಅದು ಹೆದರಿದವರ ವರ್ಣನೆಯಲ್ಲ, ಲೇಖಕನದು.

ಇಲ್ಲಿ ಒಂದು ಪ್ರಕರಣವನ್ನು ಪ್ರತಿಯೊಬ್ಬ ಹಾರರ್ ಲೇಖಕರೂ ತಿಳಿದಿರಬೇಕು. ಎಸ್.ಎಂ. ಎಂಬ ಅಕ್ಷರಗಳಿಂದಷ್ಟೇ ಲೋಕಕ್ಕೆ ಪರಿಚಿತಳಾದ ಒಬ್ಬ ಮಹಿಳೆಗೆ ಅಪರೂಪದ ಕಾಯಿಲೆಯಿಂದ ಮಿದುಳಿನ ಎರಡೂ ಬದಿಯ ಅಮಿಗ್ಡಲಾ, ಅಂದರೆ ಭಯದಲ್ಲಿ ಮುಖ್ಯ ಕೆಲಸ ಮಾಡುವ ಭಾಗ, ನಾಶವಾಗಿತ್ತು. ಹಾವು, ಜೇಡ, ಭೂತಬಂಗಲೆ ಯಾವುದೂ ಆಕೆಯನ್ನು ಹೆದರಿಸಲಿಲ್ಲ. ಹಾವನ್ನು ಕುತೂಹಲದಿಂದ ಕೈಗೆತ್ತಿಕೊಂಡಳು. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 35% ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಉಸಿರಾಡಿಸಿದಾಗ ಆಕೆ ಭೀತಿಯಿಂದ ತತ್ತರಿಸಿದಳು. ಹೊರಗಿನಿಂದ ಬರುವ ಭಯಕ್ಕೂ ದೇಹದ ಒಳಗಿನಿಂದ ಏಳುವ ಭಯಕ್ಕೂ ದಾರಿ ಒಂದೇ ಅಲ್ಲ ಎಂದಾಯಿತು. ನಿಮ್ಮ ಪಾತ್ರಕ್ಕೂ ಇದನ್ನೇ ಕೇಳಿ: ಇವರು ಯಾವುದಕ್ಕೆ ಜಗ್ಗುವುದಿಲ್ಲ, ಯಾವ ಒಂದು ಕಡೆಯಿಂದ ಬಂದರೆ ಕುಸಿಯುತ್ತಾರೆ? ವಸುಧಾಗೆ ಕತ್ತಲು ಮಾಮೂಲು. ನಿದ್ದೆಯಲ್ಲಿ ನರಳುವವರು, ಮಾತನಾಡುವವರು, ಎದ್ದು ಕೂರುವವರು ಎಲ್ಲ ಮಾಮೂಲು. ಅವಳಿಗೆ ತಡೆಯಲಾಗದ್ದು ತನ್ನ ಎಚ್ಚರದ ಬಗ್ಗೆ ತನಗೇ ಅನುಮಾನ ಬರುವುದು. ಬೆಳಗಿನ ಜಾವ ದೇಹದ ಉಷ್ಣತೆ ತೀರಾ ತಗ್ಗುವ ಹೊತ್ತಿನಲ್ಲಿ ಕೂತಲ್ಲೇ ಕೆಲವು ಸೆಕೆಂಡು ನಿದ್ದೆಗೆ ಜಾರುವುದುಂಟು, ಜಾರಿದ್ದು ಗೊತ್ತೂ ಆಗುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು?

ಹಂತ 5: ವಿವರಣೆಗಳ ಸರಪಳಿ ಬರೆಯಿರಿ

ನನ್ನ ಮಟ್ಟಿಗೆ ಇಡೀ ವಿಧಾನದಲ್ಲಿ ಅತಿ ಮುಖ್ಯವಾದ ಹಂತ ಇದು. ನಿಜವಾದ ಮನುಷ್ಯರು ವಿಚಿತ್ರವೊಂದನ್ನು ಕಂಡ ಕೂಡಲೇ 'ದೆವ್ವ' ಎನ್ನುವುದಿಲ್ಲ. ತಮಗೆ ಗೊತ್ತಿರುವ ಕಾರಣಗಳನ್ನು ಒಂದಾದ ಮೇಲೊಂದು ಹಚ್ಚಿ ನೋಡುತ್ತಾರೆ. ಯಾವ ಕಾರಣ ಮೊದಲು, ಯಾವುದು ಆಮೇಲೆ ಎಂಬ ಕ್ರಮದಲ್ಲೇ ಅವರ ಓದು, ಕಸುಬು, ಸ್ವಭಾವ ಎಲ್ಲ ಬಯಲಾಗುತ್ತವೆ.

ಎರಡು ನಿಜ ಘಟನೆ ನೋಡಿ. 1921ರಲ್ಲಿ ವಿಲಿಯಂ ವಿಲ್ಮರ್ ಎಂಬ ಕಣ್ಣಿನ ವೈದ್ಯರು ಅಮೆರಿಕದ ನೇತ್ರವೈದ್ಯಕೀಯ ಪತ್ರಿಕೆಯಲ್ಲಿ ಒಂದು ಕುಟುಂಬದ ಕಥೆ ಪ್ರಕಟಿಸಿದರು. ಹಳೆಯ ಮನೆಗೆ ಬಂದ ಮೇಲೆ ಮನೆಮಂದಿಗೆಲ್ಲ ತಲೆನೋವು, ಮಂಕು. ರಾತ್ರಿ ಹೆಜ್ಜೆ ಸಪ್ಪಳ ಕೇಳುತ್ತಿತ್ತು, ಯಾರೋ ನಿಂತಂತೆ ಕಾಣುತ್ತಿತ್ತು, ಕುಂಡದ ಗಿಡಗಳು ಸಾಯುತ್ತಿದ್ದವು. ಕೊನೆಗೆ ನೋಡಿದರೆ ಮನೆ ಬೆಚ್ಚಗಿಡುವ ಕುಲುಮೆ ಕೆಟ್ಟು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಕೋಣೆಗಳಿಗೆ ಹರಿಯುತ್ತಿತ್ತು. ಎರಡನೆಯದು ಇಂಗ್ಲೆಂಡಿನ ಕವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿಯದು. ಪ್ರಯೋಗಾಲಯದಲ್ಲಿ ರಾತ್ರಿ ಒಬ್ಬನೇ ಕೂತಿದ್ದಾಗ ಕಣ್ಣಂಚಿನಲ್ಲಿ ಬೂದು ಆಕೃತಿ ಸುಳಿಯಿತು, ತಿರುಗಿದರೆ ಇಲ್ಲ. ಮರುದಿನ ಅಲ್ಲೇ ತನ್ನ ಕತ್ತಿವರಸೆಯ ಕತ್ತಿಯನ್ನು ಸರಿಪಡಿಸಲು ಮೇಜಿನ ಇಕ್ಕಳಕ್ಕೆ (ವೈಸ್) ಸಿಕ್ಕಿಸಿದಾಗ ಅದರ ಅಲಗು ತಾನಾಗಿ ಅದುರತೊಡಗಿತು. ಗಾಳಿ ಹೊರಹಾಕುವ ಹೊಸ ಫ್ಯಾನಿನಿಂದ ಸುಮಾರು 19 ಹರ್ಟ್ಜ್‌ನ, ಕಿವಿಗೆ ಕೇಳದಷ್ಟು ತಗ್ಗಿನ ಕಂಪನ ಏಳುತ್ತಿತ್ತು. ಆಕೃತಿಗೂ ಅದೇ ಕಾರಣವಿರಬಹುದೆಂದು ಆತ 1998ರಲ್ಲಿ ಬರೆದ.

ಇಲ್ಲಿ ಕಂಪನ ಸಿದ್ಧಾಂತ ಎಷ್ಟು ಸರಿ ಎಂಬುದು ಕಥೆಗಾರರಿಗೆ ಮುಖ್ಯವಲ್ಲ. ಆತನಿಗೆ ಕತ್ತಿವರಸೆಯ ಹವ್ಯಾಸ ಇತ್ತು, ಅದಕ್ಕೇ ಉತ್ತರ ಸಿಕ್ಕಿತು. ಹವ್ಯಾಸವೆಂಬುದು ಪಾತ್ರದ ಮೇಲೆ ಅಂಟಿಸಿದ ಅಲಂಕಾರವಾಗಿ ಉಳಿಯದೆ ಕಥೆಯನ್ನೇ ತಿರುಗಿಸುವುದು ಹೀಗೆ.

ಈಗ ವಸುಧಾಳ ರಾತ್ರಿ. ಒಂದನೇ ಕೋಣೆಯವರು ಕನಸಿನ ನಿದ್ದೆಯಲ್ಲಿದ್ದಾರೆ. ಈ ಹಂತದಲ್ಲಿ ದೇಹದ ಸ್ನಾಯುಗಳು ಸಡಿಲಗೊಂಡು ನಿಶ್ಚಲವಾಗಿರುತ್ತವೆ, ಗದ್ದದ ಗೆರೆ ಚಪ್ಪಟೆಯಾಗಿರುತ್ತದೆ, ಕಣ್ಣು ಮಾತ್ರ ಚಲಿಸುತ್ತದೆ. ಆಗ ಕಣ್ಣಿನ ಗೆರೆ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ ಅಚ್ಚುಕಟ್ಟಾಗಿ ಏಳುತ್ತದೆ. ಆಮೇಲೆ ಉಸಿರು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಸಂಜೆ ಅವಳೇ ಕೊಟ್ಟಿದ್ದ ಸೂಚನೆಗಳ ಕ್ರಮ ಅದು. ಈಗ ಇಂಟರ್‌ಕಾಮ್ ಆರಿದೆ.

ನೀವು ಸಂಶೋಧನೆ ಮಾಡಿಲ್ಲದಿದ್ದರೆ ಅವಳು ಇಲ್ಲೇ ಕಿರುಚುತ್ತಾಳೆ. ಮಾಡಿದ್ದರೆ ಅವಳಿಗೆ ಮೊದಲು ಖುಷಿಯಾಗುತ್ತದೆ. ಯಾಕೆಂದರೆ ತಾನು ಕನಸು ಕಾಣುತ್ತಿದ್ದೇನೆಂದು ಅರಿತ ವ್ಯಕ್ತಿ ನಿದ್ದೆಯೊಳಗಿಂದಲೇ ಕಣ್ಣಿನ ಚಲನೆಯ ಮೂಲಕ ಸಂಕೇತ ಕಳಿಸಬಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇಂಥ ಸಂಕೇತವನ್ನು ದಾಖಲಿಸಿದ್ದ. ಅವಳಿಗೆ ಅದು ಗೊತ್ತು. ಮುಂದಿನ ಪುಟದಲ್ಲಿ ಎರಡನೇ ಕೋಣೆಯವರ ಪರದೆಯಲ್ಲೂ ಅದೇ ಕ್ರಮ ಶುರುವಾಗುತ್ತದೆ, ಮೂವತ್ತು ಸೆಕೆಂಡು ತಡವಾಗಿ. ನಿದ್ದೆಯ ದಾಖಲೆಯನ್ನು ಮೂವತ್ತು ಸೆಕೆಂಡಿನ ತುಂಡುಗಳಾಗಿ ನೋಡುವುದು ಅವಳ ರೂಢಿ, ಹಾಗಾಗಿ ಆ ಅಂತರ ಅವಳ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಅವಳ ಎರಡನೇ ವಿವರಣೆ: ತಂತಿ ಅದಲುಬದಲಾಗಿದೆ. ಹೋಗಿ ನೋಡುತ್ತಾಳೆ, ಸರಿಯಾಗಿದೆ. ಮೂರನೆಯದು: ನಾನೇ ತೂಕಡಿಸಿದೆ, ಸಂಜೆಯ ದಾಖಲೆಯನ್ನು ನೋಡುತ್ತಿದ್ದೇನೆ. ಪರದೆಯ ಮೂಲೆಯ ಗಡಿಯಾರ ನೋಡುತ್ತಾಳೆ. ಹೀಗೆ ಒಂದೊಂದು ಬಾಗಿಲನ್ನೂ ಅವಳೇ ತನ್ನ ಕೈಯಾರೆ ಮುಚ್ಚುತ್ತಾ ಬರುತ್ತಾಳೆ. ಓದುಗ ಅವಳ ಜೊತೆಗಿರುತ್ತಾನೆ, ಅವಳಿಗಿಂತ ಜಾಣನಾಗಿ ದೂರ ಕೂತಿರುವುದಿಲ್ಲ.

ಕನಿಷ್ಠ ನಾಲ್ಕು ವಿವರಣೆಗಳನ್ನಾದರೂ ಬರೆಯಿರಿ. ಕೊನೆಯದನ್ನು ಪಾತ್ರ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಹಂತ 6: ನಂಬಿಕೆಯನ್ನು ಮೂರ್ಖತನ ಎಂದು ಬರೆಯಬೇಡಿ

ಪಾತ್ರಗಳು ಹಳೆಯ ಕಾಲದವರಾದರೆ, ನಂಬಿಕೆ ಬಲವಾಗಿರುವ ಸಮುದಾಯದವರಾದರೆ ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ಅಮೆರಿಕದ ರೋಡ್ ಐಲೆಂಡಿನ ಎಕ್ಸೆಟರ್‌ನಲ್ಲಿ 1892ರಲ್ಲಿ ನಡೆದದ್ದು ನನಗೆ ಈ ವಿಷಯದ ದೊಡ್ಡ ಪಾಠ. ಬ್ರೌನ್ ಕುಟುಂಬದ ತಾಯಿ ಮತ್ತು ಹಿರಿಮಗಳು ಮೊದಲೇ ಕ್ಷಯದಿಂದ ತೀರಿಕೊಂಡಿದ್ದರು. ಜನವರಿಯಲ್ಲಿ 19 ವರ್ಷದ ಮರ್ಸಿಯೂ ಹೋದಳು. ಮಗ ಎಡ್ವಿನ್ ಅದೇ ರೋಗದಿಂದ ಕರಗುತ್ತಿದ್ದ. ಸತ್ತವರಲ್ಲಿ ಯಾರೋ ಅವನನ್ನು ಹೀರುತ್ತಿದ್ದಾರೆ ಎಂದು ಊರವರು ಪಟ್ಟುಹಿಡಿದರು. ಮಾರ್ಚ್‌ನಲ್ಲಿ ಮೂವರ ಶವಗಳನ್ನೂ ತೆಗೆದು ನೋಡಿದರು. ಚಳಿಯಲ್ಲಿ ಎರಡು ತಿಂಗಳು ನೆಲದ ಮೇಲಿನ ಕಲ್ಲುಕೋಣೆಯಲ್ಲಿದ್ದ ಮರ್ಸಿಯ ದೇಹ ಕೆಟ್ಟಿರಲಿಲ್ಲ, ಹೃದಯದಲ್ಲಿ ರಕ್ತವಿತ್ತು. ಹೃದಯ ಸುಟ್ಟು ಬೂದಿಯನ್ನು ಎಡ್ವಿನ್‌ಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಸತ್ತ. ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ ಗುರುತಿಸಿ ಆಗಲೇ ಹತ್ತು ವರ್ಷವಾಗಿತ್ತು.

ಈ ಘಟನೆಯಲ್ಲಿ ರಾಕ್ಷಸರು ಯಾರೂ ಇಲ್ಲ. ತಂದೆಗೆ ಇದರಲ್ಲಿ ನಂಬಿಕೆ ಇರಲಿಲ್ಲ, ಆದರೂ ಒಪ್ಪಿದ. ಶವ ಪರೀಕ್ಷಿಸಿದ ವೈದ್ಯ ಇದು ಸಹಜ ಸ್ಥಿತಿ, ಶ್ವಾಸಕೋಶದಲ್ಲಿ ಕ್ಷಯದ ಗುರುತಿದೆ ಎಂದ, ಯಾರೂ ಕಿವಿಗೊಡಲಿಲ್ಲ. ಬದುಕುವ ಬೇರೆ ದಾರಿ ಕಾಣದ ಹುಡುಗ ಕುಡಿದ. ನಂಬದ ತಂದೆ ಯಾಕೆ ಒಪ್ಪಿದ ಎಂಬ ಒಂದೇ ಪ್ರಶ್ನೆಯ ಮೇಲೆ ಒಂದು ಪಾತ್ರ ಕಟ್ಟಬಹುದು. ಅದಕ್ಕೆ ಮರ್ಸಿಯ ಕುಟುಂಬವನ್ನೇ ಎತ್ತಿ ತರಬೇಕಿಲ್ಲ. ಘಟನೆಯ ಒತ್ತಡವನ್ನು ತೆಗೆದುಕೊಳ್ಳಿ, ಜನರನ್ನು ಬಿಡಿ: ತನಗೆ ನಂಬಿಕೆಯಿಲ್ಲದ ವಿಧಿಯನ್ನು ಮಗುವಿಗಾಗಿ ಮಾಡಿಸುವ ಪೋಷಕ. ಇದು ಯಾವ ಕಾಲಕ್ಕೂ ಒಗ್ಗುವ ಪಾತ್ರ, ಮೂಲ ನಿಮ್ಮದೇ ಆಗುತ್ತದೆ.

ಶವದ ವಿಷಯ ಬಂದಾಗ ಒಂದು ಮಾತು. ದೇಹ ಕೊಳೆಯುವಾಗ ಹೊಟ್ಟೆ ಉಬ್ಬುತ್ತದೆ, ಬಾಯಿಂದ ಕೆಂಪು ದ್ರವ ಒಸರುತ್ತದೆ, ಚರ್ಮ ಸರಿದು ಉಗುರು ಬೆಳೆದಂತೆ ಕಾಣುತ್ತದೆ. ರಕ್ತ ಹೀರುವ ಶವಗಳ ಕಥೆಗಳ ಬಹುಪಾಲು ಲಕ್ಷಣಗಳು ಇಲ್ಲಿಂದಲೇ ಬಂದವು. ಅಂದರೆ ಸಮಾಧಿ ಅಗೆದವರು ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿದರು. ನಿಮ್ಮ ಭೂತಕ್ಕೂ ಹೀಗೆ ಯಾರೋ ನಿಜವಾಗಿ ಕಂಡ ಒಂದು ಲಕ್ಷಣವನ್ನು ಕೊಡಿ.

ಹಂತ 7: ಪಾತ್ರ ಯಾಕೆ ಬಾಯಿ ಬಿಡುವುದಿಲ್ಲ?

ವೇಲ್ಸ್‌ನ ವೈದ್ಯ ಡೀವಿ ರೀಸ್ 1971ರಲ್ಲಿ ಸಂಗಾತಿಯನ್ನು ಕಳೆದುಕೊಂಡ 293 ಮಂದಿಯ ಅಧ್ಯಯನ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಜನರಿಗೆ ಸತ್ತವರ ಅನುಭವ ಆಗಿತ್ತು: ಹಲವರಿಗೆ ಅವರು ಹತ್ತಿರವಿದ್ದಂತೆ ಅನಿಸಿತ್ತು, ಕೆಲವರು ಕಂಡಿದ್ದರು, ಕೆಲವರು ದನಿ ಕೇಳಿದ್ದರು. ಅನೇಕರಿಗೆ ಅದರಿಂದ ಸಮಾಧಾನವೇ ಆಗಿತ್ತು. ಆದರೆ ಹೆಚ್ಚಿನವರು ವೈದ್ಯರು ಕೇಳುವತನಕ ಯಾರಿಗೂ ಹೇಳಿರಲಿಲ್ಲ. ಹಾರರ್ ಕಥೆಗಳಲ್ಲಿ ಪಾತ್ರಗಳು ಓಡಿಹೋಗಿ ಎಲ್ಲರಿಗೂ ಹೇಳುತ್ತಾರೆ, ಯಾರೂ ನಂಬುವುದಿಲ್ಲ. ಹೇಳದೆ ಇಟ್ಟುಕೊಳ್ಳುವವರು ಅದಕ್ಕಿಂತ ನಿಜ, ಮತ್ತು ಬರೆಯಲು ಹೆಚ್ಚು ಕಷ್ಟ. ವಸುಧಾ ಬೆಳಗಿನ ವರದಿಯಲ್ಲಿ ಏನು ಬರೆಯುತ್ತಾಳೆ? ಕಂಡದ್ದನ್ನು ಬರೆದರೆ ಅವಳು ಪಾಳಿಯಲ್ಲಿ ನಿದ್ದೆ ಮಾಡಿದಳೆಂದೇ ಅರ್ಥ. ಅವಳು 'ಸಂಕೇತದಲ್ಲಿ ಅಡಚಣೆ' ಎಂದು ಬರೆಯುತ್ತಾಳೆ. ಆ ಎರಡು ಪದದ ಸುಳ್ಳು ಮುಂದಿನ ಅಧ್ಯಾಯಗಳನ್ನು ನಡೆಸುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಮಾನಸಿಕ ಕಾಯಿಲೆಯನ್ನು ಕೊಲೆಗಾರನ ಗುರುತಾಗಿ ಬಳಸಬೇಡಿ. ತೀವ್ರ ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ತುತ್ತಾಗುವುದೇ ಹೆಚ್ಚು. ಆಪ್ತರ ಜಾಗದಲ್ಲಿ ಅವರಂತೇ ಕಾಣುವ ಬೇರೆಯವರಿದ್ದಾರೆ ಎಂದು ಬಲವಾಗಿ ಅನಿಸುವ ಸ್ಥಿತಿಯನ್ನು 1923ರಲ್ಲಿ ಜೋಸೆಫ್ ಕಾಪ್‌ಗ್ರಾ ವಿವರಿಸಿದ. ಅದನ್ನು ಬರೆಯುವುದಾದರೆ ಒಳಗಿನಿಂದ ಬರೆಯಿರಿ: ಮನೆಯಲ್ಲಿ ಎಲ್ಲರ ಮುಖವೂ ಸರಿಯಿದೆ, ಆದರೆ ತನ್ನವರು ಯಾರೂ ಇಲ್ಲ ಎಂದು ಅನಿಸುವವರ ಒಂಟಿತನ. ಕೊನೆಯ ಪುಟದ ತಿರುವಿಗಾಗಿ ಒಬ್ಬರ ಕಾಯಿಲೆಯನ್ನು ಬಳಸುವುದು ಕೆಟ್ಟ ಬರವಣಿಗೆ ಮಾತ್ರವಲ್ಲ, ಅನ್ಯಾಯ ಕೂಡ.

ಹಂತ 8: ಕೇಳಿದ್ದನ್ನು ಪರೀಕ್ಷಿಸಿ

1900ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಫ್ಲಾನನ್ ದ್ವೀಪದ ದೀಪಸ್ತಂಭದಿಂದ ಮೂವರು ಕಾವಲುಗಾರರು ಕಾಣೆಯಾದರು. ಮುಟ್ಟದೆ ಬಿಟ್ಟ ಊಟದ ತಟ್ಟೆಗಳು, ಗಟ್ಟಿ ಗಂಡಸರು ಅತ್ತರೆಂದು ಬರೆದ ದಿನಚರಿ ಎಂದೆಲ್ಲ ಕಥೆ ಓಡಾಡುತ್ತದೆ. ಊಟದ ವಿವರ 1912ರ ಒಂದು ಕವಿತೆಯಿಂದ ಬಂದದ್ದು, ದಿನಚರಿಯ ಸಾಲುಗಳು ಯಾರೋ ಆಮೇಲೆ ಹುಟ್ಟಿಸಿದ್ದು. ದಾಖಲೆಯಲ್ಲಿ ಇರುವುದು ಬೇರೆ: ಮೂವರಲ್ಲಿ ಒಬ್ಬನ ಮಳೆಯ ಅಂಗಿ ಒಳಗೇ ಉಳಿದಿತ್ತು. ಆ ಚಳಿಯಲ್ಲಿ, ಆ ಗಾಳಿಯಲ್ಲಿ ಒಬ್ಬ ಮಳೆಯಂಗಿಯಿಲ್ಲದೆ ಯಾಕೆ ಹೊರಗೋಡಿದ? ಹುಟ್ಟಿಸಿದ ಎರಡೂ ವಿವರಗಳಿಗಿಂತ ಇದು ನನ್ನನ್ನು ಹೆಚ್ಚು ಕಾಡುತ್ತದೆ. ಎಷ್ಟೋ ಸಲ ಸುಳ್ಳು ವಿವರ ಎಲ್ಲರ ಕಥೆಯಲ್ಲೂ ಇರುತ್ತದೆ, ನಿಜವಾದದ್ದು ಯಾರೂ ಮುಟ್ಟದೆ ಬಿದ್ದಿರುತ್ತದೆ.

ಹಂತ 9: ಸಂಶೋಧನೆ ಕಾಣದಂತೆ ಬರೆಯಿರಿ

ಒಂದು ವಿವರ ಕಥೆಗೆ ಬರಬೇಕಾದರೆ ಅದು ಪಾತ್ರದ ಕೆಲಸದಲ್ಲೋ, ಗೊಣಗಾಟದಲ್ಲೋ, ತಪ್ಪಿನಲ್ಲೋ ಬರಬೇಕು. 'ಕನಸಿನ ನಿದ್ದೆಯಲ್ಲಿ ಸ್ನಾಯುಗಳು ನಿಷ್ಕ್ರಿಯವಾಗಿರುತ್ತವೆ ಎಂದು ವಸುಧಾ ಯೋಚಿಸಿದಳು' ಎಂದರೆ ಪಾಠವಾಯಿತು. ಹೀಗೆ ಬರೆಯಿರಿ: 'ಗದ್ದದ ಗೆರೆ ಚಪ್ಪಟೆಯಾಗಿತ್ತು. ಅಂದರೆ ಆ ಮನುಷ್ಯ ಕೈ ಎತ್ತಿರಲು ಸಾಧ್ಯವೇ ಇಲ್ಲ. ಅವಳು ಕ್ಯಾಮೆರಾದತ್ತ ನೋಡಿದಳು. ಕೈ ಎತ್ತಿಯೇ ಇತ್ತು.' ಎರಡರಲ್ಲೂ ಮಾಹಿತಿ ಒಂದೇ, ಎರಡನೆಯದರಲ್ಲಿ ಅದು ಅವಳ ಕಣ್ಣಿನ ಭಾಗವಾಗಿದೆ.

ಕರಡು ಮುಗಿದ ಮೇಲೆ ಭೂತದ ಸಾಲುಗಳನ್ನೆಲ್ಲ ತೆಗೆದು ಓದಿ ನೋಡಿ. ಆ ರಾತ್ರಿಯ ಪಾಳಿ ಆಗಲೂ ಓದಿಸಿಕೊಂಡು ಹೋದರೆ ಪಾತ್ರ ನಿಂತಿದೆ. ಆಮೇಲೆ ವಸುಧಾಳ ಜಾಗದಲ್ಲಿ ಬೇರೆ ಕಸುಬಿನವರನ್ನು ಇಟ್ಟು ನೋಡಿ. ಕಥೆ ಏನೂ ಬದಲಾಗದೆ ನಡೆದರೆ ಹಂತ 2ರ ಪ್ರಶ್ನೆಗಳಿಗೆ ಮರಳಿ.

ಕೊನೆಗೆ ಆ ಕೆಲಸ ಮಾಡುವವರೊಬ್ಬರಿಗೆ ಒಂದೇ ಒಂದು ದೃಶ್ಯವನ್ನು ಓದಲು ಕೊಡಿ. ಇಡೀ ಕಾದಂಬರಿ ಹೊರಿಸಿದರೆ ಸುಮ್ಮನೆ ಚೆನ್ನಾಗಿದೆ ಎಂದುಬಿಡುತ್ತಾರೆ. ಓದುತ್ತಾ ಅವರು 'ನಾವು ಹೀಗೆ ಮಾಡಲ್ಲ' ಎಂದು ತಡೆದ ಜಾಗದಲ್ಲಿ ಸಮರ್ಥಿಸಿಕೊಳ್ಳಬೇಡಿ. 'ಹಾಗಾದರೆ ನೀವು ಏನು ಮಾಡುತ್ತಿದ್ದಿರಿ?' ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೆಚ್ಚಿನ ಸಲ ನಿಮ್ಮ ಮುಂದಿನ ದೃಶ್ಯ ಆ ಉತ್ತರದಲ್ಲೇ ಇರುತ್ತದೆ.